ಖಾಯಂ ಗಿರಾಕಿಗೆ ಬಿದ್ದ ದಂಡ

ಖರ್ಚು ಮೊದಲು ಹೇಳಿಬಿಡುತ್ತೇನೆ, ಮಾತು ಆಮೇಲೆ. ದಂಡ ಒಂದು ಸಾವಿರ ರೂಪಾಯಿ. ಅದು ಅರವತ್ತರ ಜಾಗದಲ್ಲಿ ಎಂಬತ್ತೊಂದು ಕಿಲೋಮೀಟರ್ ವೇಗದಲ್ಲಿ ಹೋದದ್ದಕ್ಕೆ. ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಅದರ ಮೇಲೆ ನಾನು ಆಡಿದ ಎರಡು ಶಬ್ದಕ್ಕೆ ಬೇರೆಯದೇ ದಂಡ ಬಿತ್ತು. ಶಬ್ದ ಯಾವುವೆಂದರೆ, 'ಖಾಯಂ ಗಿರಾಕಿ'. ಸಂತೆಯಲ್ಲಿ ಈ ಎರಡು ಶಬ್ದ ಆಡಿ ನೋಡಿ, ನೂರಕ್ಕೆ ಹತ್ತು ಬಿಡುತ್ತಾರೆ. ರಸ್ತೆಯ ಮೇಲೆ ಆಡಿದರೆ ಏನಾಗುತ್ತದೆಂದು ನನಗೆ ಅರವತ್ತೆರಡನೆಯ ವಯಸ್ಸಿನಲ್ಲಿ ತಿಳಿಯಿತು. ಅದೂ ಪೆಟ್ಟು ಬಿದ್ದದ್ದು ನನಗಲ್ಲ, ನನ್ನ ಗಾಡಿ ಹೊಡೆಯುವ ಕಸ್ತೂರಿಗೆ.

ಮೊನ್ನೆ ಆ ದಂಡದ ರಸೀದಿ ನನ್ನ ಅಂಗಿಯ ಕಿಸೆಯಲ್ಲಿ ಸಿಕ್ಕಿತು. ನನ್ನ ಹೆಂಡತಿ ಗಂಗವ್ವ ಅದನ್ನು ಎರಡು ಬೆರಳಲ್ಲಿ ಹಿಡಿದು, "ಇದನ್ನ ಅಂಗೀ ಕೂಡ ಒಗೀಲ್ಯಾ, ಇಲ್ಲ ಕಟ್ಟು ಹಾಕಿಸಿ ಗ್ವಾಡಿಗೆ ತೂಗಹಾಕ್ಲ್ಯಾ?" ಅಂದಳು. ಆವಾಗಿನಿಂದ ಇದೆಲ್ಲ ತಲೆಯಲ್ಲಿ ತಿರುಗುತ್ತಿದೆ. ಬರೆದು ಬಿಟ್ಟರೆ ನಿಮಗಾದರೂ ಉಪಯೋಗವಾದೀತು.

ನಾನು ಮೂಡಲಗಿಯವನು. ಹಳೆಯ ಟ್ರ್ಯಾಕ್ಟರು, ಟ್ರೇಲರು ಕೊಂಡು ಮಾರುತ್ತೇನೆ. ಅದಕ್ಕೂ ಮೊದಲು ಎತ್ತಿನ ದಲಾಲಿ ಮಾಡಿದವನು. ಸಾಲಿ ನಾಲ್ಕನೇ ಇಯತ್ತೆಗೇ ಬಿಟ್ಟೆ. ಬಿಟ್ಟೆನೋ, ಅದೇ ನನ್ನನ್ನು ಬಿಟ್ಟಿತೋ, ಮಾಸ್ತರು ಈಗಿಲ್ಲ, ಕೇಳುವ ಹಾಗಿಲ್ಲ. ನಲವತ್ತು ವರ್ಷದ ವ್ಯಾಪಾರದಲ್ಲಿ ಕಲಿತದ್ದು ಇಷ್ಟೇ: ಮೊದಲು ಹೇಳಿದ ರೇಟು ರೇಟಲ್ಲ. ಅದು ಮಾತು ಶುರು ಮಾಡುವ ಒಂದು ಪದ್ಧತಿ. ಈ ವಿದ್ಯೆ ಎಷ್ಟು ಆಳಕ್ಕೆ ಇಳಿದಿತ್ತೆಂದರೆ, ರಸ್ತೆ ಬದಿಯ ಕೆಂಪು ಸುತ್ತಿನ ಬೋರ್ಡಿನಲ್ಲಿ ಅರವತ್ತು ಅಂತ ಕಂಡರೆ, ಸರಕಾರ ಅರವತ್ತು ಹೇಳಿದೆ, ಎಪ್ಪತ್ತೈದಕ್ಕೆ ಮುಗಿಯುತ್ತದೆ ಅಂತಲೇ ನನ್ನ ಲೆಕ್ಕ. ವೇಗದ ಬೋರ್ಡಿನೊಳಗೂ ಚೌಕಾಶಿಗೆ ಜಾಗ ಬಿಟ್ಟೇ ಬರೆದಿರುತ್ತಾರೆ ಅಂತ ನಾನು ಖರೇನೇ ನಂಬಿದ್ದೆ.

ದಂಡಕ್ಕೂ ನನಗೂ ಇರುವ ಸಂಬಂಧ ಇವತ್ತಿನದಲ್ಲ ನೋಡ್ರಿ. ನಾನು ಹುಡುಗನಿದ್ದಾಗ ಸೈಕಲ್ಲಿನ ಮೇಲೆ ಇಬ್ಬರು ಕೂತರೆ ತಪ್ಪು. ಗೋಕಾಕದ ನಾಕೆಯಲ್ಲಿ, ಊರ ಬಾಯಿಯ ತಪಾಸಣೆ ಗೇಟಿನ ಹತ್ತಿರ, ಒಬ್ಬ ಪೋಲೀಸಪ್ಪ ನಿಂತಿರುತ್ತಿದ್ದ. ಆತ ದಂಡ ಹಾಕುತ್ತಿರಲಿಲ್ಲ, ಗಾಲಿಯ ವಾಲ್ ಕಿತ್ತು ಗಾಳಿ ಬಿಡುತ್ತಿದ್ದ. ಪುಸ್ಸೆಂದು ಗಾಳಿ ಹೋಗುವಾಗ ಸೈಕಲ್ಲಿನವನ ಮುಖವೂ ಅಷ್ಟಷ್ಟೇ ಇಳಿಯುತ್ತ ಹೋಗುತ್ತಿತ್ತು. ಅಪ್ಪ ಬದನೆಕಾಯಿ ಚೀಲ ಹಿಂದೆ ಕಟ್ಟಿ, ನನ್ನನ್ನು ಮುಂದಿನ ದಂಡಿಗೆಯ ಮೇಲೆ ಕೂರಿಸಿಕೊಂಡು ಸಂತೆಗೆ ಹೋಗುತ್ತಿದ್ದ. ವಾರವಾರವೂ ಗಾಳಿ ಹೋಗುತ್ತಿತ್ತು. ನನ್ನವ್ವ ಜಾಣೆ. ರೊಟ್ಟಿಯ ಗಂಟಿನ ಕೂಡ ಗಾಳಿ ಹೊಡೆಯುವ ಪಂಪನ್ನೂ ಕಟ್ಟಿ ಕಳಿಸಲು ಶುರು ಮಾಡಿದಳು. ಒಂದು ದಿನ ನಾಕೆಯಿಂದ ಐವತ್ತು ಹೆಜ್ಜೆ ಆಚೆ ನಾವು ಗಾಳಿ ಹೊಡೆಯುತ್ತಿದ್ದಾಗ ಹಿಂದೆ ನಾಲ್ಕು ಜನ ಸಪ್ಪೆ ಗಾಲಿ ತಳ್ಳಿಕೊಂಡು ಬಂದರು. "ಪಂಪ ಕೊಡೋ ತಮ್ಮಾ" ಅಂದರು. ನನ್ನ ಬಾಯಿಂದ ತಾನಾಗಿಯೇ ಬಂತು, "ಹತ್ತು ಪೈಸಾ." ಅಪ್ಪ ತಲೆಗೆ ಒಂದು ಬಿಟ್ಟ. ಮುಂದಿನ ವಾರ ಅವನೇ, "ನೀ ಪಂಪ ತಗೊಂಡು ಮುಂದ ಹೋಗಿ ನಿಂದ್ರು, ನಾ ಹಿಂದಿಂದ ಬರ್ತೇನಿ" ಅಂದ. ಸ್ವಲ್ಪ ದಿನದಲ್ಲಿ ಪೋಲೀಸಪ್ಪನಿಗೂ ಗೊತ್ತಾಯಿತು. ನಕ್ಕು ಅಂದ: "ನಾ ಗಾಳಿ ಬಿಡಾಂವ, ನೀ ತುಂಬಾಂವ. ನಡೀಲಿ, ಮಂದಿ ಕಾಲಿಗೆ ಕಸರತ್ತು ಆಗತೈತಿ." ನನ್ನ ಮೊದಲ ಧಂದೆ ಅದು. ಕಾಯದೆಯಿಂದ ಐವತ್ತು ಹೆಜ್ಜೆ ದೂರ ನಿಂತರೆ ಯಾವಾಗಲೂ ಲಾಭವಿದೆ ಅಂತ ಅವತ್ತು ಕಲಿತದ್ದನ್ನು ಮರೆಯಲು ಐವತ್ತು ವರ್ಷ ಬೇಕಾಯಿತು.

ಈಗ ಕಸ್ತೂರಿಯ ಮಾತು. ತುಕ್ಕಾನಟ್ಟಿಯ ಕುರುಬರ ಮನೆಯ ಹೆಣ್ಣುಮಗಳು, ಮೂವತ್ತರ ಆಸುಪಾಸು. ಗಂಡ ಕುರಿ ಹಿಂಡಿನ ಹಿಂದೆ, ಇವಳು ನನ್ನ ಪಿಕಪ್ ಗಾಡಿಯ ಮುಂದೆ. ಮುಂಜಾನೆ ಹಳ್ಳಿ ಹಳ್ಳಿ ತಿರುಗಿ ಹಾಲಿನ ಕ್ಯಾನು ಹೊರುತ್ತಾಳೆ, ಮಧ್ಯಾಹ್ನ ನನ್ನ ಕೆಲಸಕ್ಕೆ ಬರುತ್ತಾಳೆ. ಎಂಟು ವರ್ಷದಲ್ಲಿ ಅವಳ ಕೈಯಲ್ಲಿ ಗಾಡಿಗೆ ಒಂದು ಗೆರೆ ಬಿದ್ದಿಲ್ಲ. ಬಿದ್ದ ಗೆರೆಗಳೆಲ್ಲ ನಾನು ಹೊಡೆದಾಗ ಬಿದ್ದವು. "ಕುರಿ ಕಾಯೂದು, ಗಾಡಿ ಹೊಡಿಯೂದು ಎರಡೂ ಒಂದೇ ರೀ ಕಾಕಾ. ಮುಂದ ನೋಡಕೋತ ಹಿಂದಿಂದರ ಮ್ಯಾಲ ಲಕ್ಷ್ಯ ಇಡಬೇಕು" ಅನ್ನುತ್ತಾಳೆ.

ಅವಳಿಗೆ ದುಬೈಯಲ್ಲಿ ಕೆಲಸ ಗೊತ್ತಾಗಿತ್ತು. ಹೆಣ್ಣುಮಕ್ಕಳಿಗಂತಲೇ ಇರುವ ಟ್ಯಾಕ್ಸಿ, ಹೊಡೆಯುವವರೂ ಹೆಣ್ಣುಮಕ್ಕಳೇ. ಬೆಳಗಾವಿಯಲ್ಲಿ ಪರೀಕ್ಷೆ ಪಾಸಾಗಿತ್ತು. ಇನ್ನು ಹದಿನೈದು ದಿನದೊಳಗೆ ಅಸಲಿ ಲೈಸೆನ್ಸ್ ಒಯ್ದು ತೋರಿಸಿದರೆ ಮುಗಿಯಿತು, ಇಲ್ಲದಿದ್ದರೆ ಮುಂದಿನವರ ಪಾಳಿ. ನನಗೆ ಒಳಗೊಳಗೇ ಸಂಕಟ. ಇಂಥ ಡ್ರೈವರು ಎಲ್ಲಿ ಸಿಗಬೇಕು? "ಪಗಾರ ಹೆಚ್ಚ ಮಾಡ್ತೇನಿ, ಇಲ್ಲೇ ಇರವಾ" ಅಂದೆ. ಅವಳು ಅಂದದ್ದು: "ಪಗಾರದ ಮಾತಲ್ಲ ರೀ. ಎಂಟು ವರ್ಷ ಕ್ಯಾನ ಹೊತ್ತೇನಿ. ಕ್ಯಾನು ಮಾತಾಡೂದಿಲ್ಲ. ಮಂದೀನ್ನ ಕುಂಡ್ರಿಸ್ಕೊಂಡು ಗಾಡಿ ಹೊಡೀಬೇಕಂತ ಆಶಾ ಐತಿ." ಇದಕ್ಕೆ ಚೌಕಾಶಿ ಮಾಡುವುದು ಹೇಗೆ?

ಹೊರಡುವ ತಯಾರಿಯಲ್ಲಿ ಅವಳು ಪರದೇಶಗಳ ರಸ್ತೆಯ ಕಾಯದೆ ಓದುತ್ತಿದ್ದಳು. ಬೇರೆ ಬೇರೆ ದೇಶದಲ್ಲಿ ಗಾಡಿ ಹೊಡೆಯುವ ನಮ್ಮ ಕಡೆಯವರದೊಂದು ಗುಂಪು ಫೋನಿನಲ್ಲಿದೆ. ಅಲ್ಲಿ ಬಂದದ್ದನ್ನೆಲ್ಲ ನನಗೆ ಹೇಳುತ್ತಿದ್ದಳು. ಅವತ್ತು ಬೆಲ್ಲದ ಬಾಗೇವಾಡಿಯಲ್ಲಿ ಒಂದು ಟ್ರ್ಯಾಕ್ಟರು ನೋಡಲು ಹೊರಟಿದ್ದೆವು. ಅದೇ ಟ್ರ್ಯಾಕ್ಟರಿನ ಮೇಲೆ ಗೋಕಾಕದ ಇನ್ನೊಬ್ಬ ವ್ಯಾಪಾರಿಯ ಕಣ್ಣೂ ಇತ್ತು. ನನಗೆ ಅವನಿಗಿಂತ ಮೊದಲು ಮುಟ್ಟುವ ಅವಸರ. ಕಸ್ತೂರಿಗೆ ಅವಸರವೇ ಗೊತ್ತಿಲ್ಲ. ಮುಳ್ಳು ಅರವತ್ತರ ಮೇಲೆ ಕೂತರೆ ಕೂತೇ ಬಿಟ್ಟಿತು.

"ಕಾಕಾ, ಫಿನ್ಲೆಂಡ ಅಂತ ಒಂದು ದೇಶ ಐತಿ. ಅಲ್ಲಿ ಭಾಳ ಜೋರಾಗಿ ಹೋದ್ರ ಗಳಿಕಿ ನೋಡಿ ದಂಡ ಹಾಕ್ತಾರಂತ. ಕೂಲಿಯವಗ ಕೂಲಿಯಷ್ಟು, ಸಾವಕಾರಗ ಸಾವಕಾರನಷ್ಟು."

"ಹಂಗಾದ್ರ ಅಲ್ಲಿ ಹರಕ ಧೋತರ ಉಟ್ಕೊಂಡು ಗಾಡಿ ಹೊಡೀಬೇಕು."

"ಧೋತರ ನೋಡೂದಿಲ್ಲ ರೀ, ತೆರಿಗಿ ಕಾಗದ ನೋಡ್ತಾರ. ಪೋಲೀಸರ ಫೋನಿನ್ಯಾಗ ಎಲ್ಲಾ ಬರತೈತಂತ."

ಆ ದೇಶ ನನಗೆ ಅಲ್ಲಿಗೇ ಸೇರಲಿಲ್ಲ. ಗಿರಾಕಿಯ ಮುಖ ನೋಡಿ ರೇಟು ಹೇಳುವುದು ನಮ್ಮ ವಿದ್ಯೆ. ಅದನ್ನು ಸರಕಾರ ಕಲಿತರೆ ನಾವು ಬದುಕುವುದು ಹೇಗೆ? ಇಂಗ್ಲೆಂಡಿನ ಪದ್ಧತಿ ಅದಕ್ಕಿಂತ ಕಠಿಣ. ಸ್ವಲ್ಪ ಮಾತ್ರ ಮೀರಿದ್ದರೆ, ಬೇಕಾದವರು ಫೀ ಕೊಟ್ಟು ಒಂದು ತರಗತಿಯಲ್ಲಿ ಕೂತು ಪಾಠ ಕೇಳಿ ಬರಬಹುದಂತೆ. ನನ್ನಂಥವನಿಗೆ ಅದು ಜೈಲಿಗಿಂತ ಹೆಚ್ಚು. ಸಾಲಿಯಲ್ಲಿ ಮಗ್ಗಿ ತಪ್ಪಿದ್ದಕ್ಕೆ ಬಾಗಿಲ ಹೊರಗೆ ಮೊಣಕಾಲೂರಿಸಿದ್ದು ನನಗೆ ಇನ್ನೂ ಮಳೆಗಾಲದಲ್ಲಿ ನೋಯುತ್ತದೆ. ಜರ್ಮನಿಯಲ್ಲಿ ಗಾಡಿ ಹೊಡೆಯುವವನ ಮುಖದ ಫೋಟೋ ಟಪಾಲಿನಲ್ಲಿ ಮನೆಗೇ ಬರುತ್ತದಂತೆ, ಆದರೆ ಬಾಜೂ ಸೀಟಿನಲ್ಲಿ ಕೂತವರ ಮುಖ ಮುಚ್ಚಿ ಕಳಿಸುತ್ತಾರಂತೆ. "ಯಾಕ?" ಅಂದೆ. "ಮನ್ಯಾಗ ಜಗಳ ಆಗಬಾರದಂತಿರಬೇಕು" ಅಂದಳು. ಬಲು ಮರ್ಯಾದೆಯ ಮಂದಿ.

"ದುಬೈದಾಗ?"

"ಅಲ್ಲಿ ಬೋರ್ಡಿನ ಮ್ಯಾಲ ಇಪ್ಪತ್ತು ಕಿಲೋಮೀಟರ ತನಕ ಕ್ಯಾಮರಾ ಸುಮ್ಮನಿರತೈತಂತ. ಬಾಜೂ ಅಬುಧಾಬಿಯೊಳಗ ಹಂಗಿಲ್ಲ. ಬೋರ್ಡು ಎಷ್ಟೋ ಅಷ್ಟ. ಆದ್ರ ದಂಡ ಲಗೂನ ಕಟ್ಟಿದ್ರ ಸೂಟು ಕೊಡ್ತಾರ, ಸ್ವಲ್ಪ ರೊಕ್ಕಾ ಬಿಡ್ತಾರ."

ನಾನು ಸೀಟಿನಲ್ಲಿ ನೆಟ್ಟಗಾದೆ. ಇಪ್ಪತ್ತರ ಸಡಿಲು! ಸೂಟು! ನಾನು ಅನ್ನುತ್ತಿದ್ದದ್ದೇ ಇದು. "ನೋಡವಾ, ದೊಡ್ಡ ದೊಡ್ಡ ಅರಬ ಶೇಖರೂ ಚೌಕಾಶಿಗೆ ಜಾಗಾ ಬಿಟ್ಟಾರ. ನಮ್ಮಲ್ಲೂ ಬಾಕಿ ದಂಡಕ್ಕ ಒಮ್ಮೊಮ್ಮಿ ಅರ್ಧಾ ಬಿಡ್ತಾರ. ಅದಕ್ಕ ನಾ ದಡ್ಡಿ ಊರ ಕಡೆ ಬಿದ್ದ ದಂಡ ಇನ್ನೂ ಕಟ್ಟಿಲ್ಲ. ಸೇಲು ಬರಲಿ ಅಂತ ಕುಂತೇನಿ."

"ಅದು ಯಾವಾಗ ಬಿತ್ರಿ?" ಅಂದಳು ಕಸ್ತೂರಿ, ಹುಬ್ಬು ಮೇಲೆ ಮಾಡಿ.

"ನೀ ಬೆಳಗಾವಿಗೆ ಪರೀಕ್ಷಾಕ್ಕ ಹೋದಾಗ. ನಾನ ಹೊಡಕೊಂಡು ಹೋಗಿದ್ದೆ. ಬಿಡು ಅದನ್ನ. ಘಟಪ್ರಭಾ ದಾಟಿದ್ವಿ, ರಸ್ತೆ ಖಾಲಿ ಐತಿ. ಸ್ವಲ್ಪ ಕಾಲು ಒತ್ತು. ಇವತ್ತೊಂದು ದಿನ ದುಬೈ ಕಾಯದೆ ಹಿಡಿ. ಅರವತ್ತಕ್ಕ ಇಪ್ಪತ್ತು ಕೂಡ್ಸು."

"ಬ್ಯಾಡ ರೀ ಕಾಕಾ."

"ಎಂಟು ವರ್ಷದಾಗ ಒಂದು ಮಾತು ಕೇಳೇನಿ ನಿನಗ?"

ಕೇಳಿದ್ದು ಎಂಟುನೂರು ಮಾತು. ಆದರೂ ಹೊರಟುಹೋಗುವವಳಲ್ಲವೇ, ಮುದುಕನ ಮನಸ್ಸು ಮುರಿಯಬಾರದೆಂದು ಅವಳು ಕಾಲು ಒತ್ತಿದಳು. ಎರಡು ನಿಮಿಷವೂ ಆಗಿರಲಿಲ್ಲ. ತಿರುವಿನಾಚೆ ಹುಣಸೆಮರದ ಕೆಳಗೆ ಪೋಲೀಸ್ ಗಾಡಿ. ಕೈ ಅಡ್ಡ ಬಂತು.

ಸಾಹೇಬರು ಹೆಣ್ಣುಮಗಳು. ನನ್ನ ಸೊಸೆಯ ವಯಸ್ಸು. ಬಾಜೂ ಒಬ್ಬ ಹವಾಲ್ದಾರ, ಕೈಯಲ್ಲಿ ಮಷೀನು.

"ಲೈಸೆನ್ಸ್ ಕೊಡ್ರಿ. ಅರವತ್ತರ ಜಾಗಾದಾಗ ಎಂಬತ್ತೊಂದು."

ಕಸ್ತೂರಿ ಕೊಟ್ಟಳು. ನಾನು ಇಳಿದೆ. ಎತ್ತಿನ ಸಂತೆಯಲ್ಲಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ರೇಟು ಮಾಡಿದ ಕೈ ಇದು. ತನ್ನಷ್ಟಕ್ಕೇ ಹೆಗಲ ಮೇಲಿನ ಟವೆಲ್ಲಿಗೆ ಹೋಯಿತು. ಸಾಹೇಬರು, "ಬೆವರು ಒರಸ್ಕೊಳ್ಳಾಕೇನ್ರಿ ಯಜಮಾನ್ರ?" ಅಂದರು. ಒರಸಿಕೊಂಡೆ.

"ಮೇಡಮ್ಮಾರ, ಎಂಬತ್ತೊಂದು ಭಾಳ ಆತ್ರಿ. ಎಪ್ಪತ್ತಕ್ಕ ಮುಗಸ್ರಿ."

"ಏನು ಎಪ್ಪತ್ತು?"

"ಸ್ಪೀಡು ರೀ."

ಹವಾಲ್ದಾರ ಮಷೀನಿನ ಹಿಂದೆ ಮುಖ ಮರೆಮಾಡಿದ. ಸಾಹೇಬರು ತಾಳ್ಮೆಯಿಂದ, "ಅದು ನಾ ಹೇಳಿದ್ದಲ್ರಿ, ಮಷೀನು ಹೇಳಿದ್ದು" ಅಂದರು.

"ಆತ್ ಬಿಡ್ರಿ. ನಿಮ್ಮದೂ ಬ್ಯಾಡ, ನಮ್ಮದೂ ಬ್ಯಾಡ. ಎಪ್ಪತ್ತೈದು."

"ಕಾಕಾ," ಕಸ್ತೂರಿ ಕಿಟಕಿಯಿಂದ ಹಲ್ಲು ಕಚ್ಚಿ ಅಂದಳು, "ಸಾವಿರ ರೂಪಾಯಿ ಕಟ್ಟಿ ಹೋಗೂನು. ಒಳಗ ಬರ್ರಿ."

ಬರಬೇಕಿತ್ತು. ಆದರೆ ಹೇಳಿದ ರೇಟನ್ನು ಪೂರಾ ಕೊಟ್ಟರೆ ನನಗೆ ಅವತ್ತು ಅನ್ನ ಇಳಿಯುವುದಿಲ್ಲ. ಕೊನೆಯ ಅಸ್ತ್ರ ತೆಗೆದೆ. "ನಾವೇನು ಹೊಸಬರಲ್ರಿ ಮೇಡಮ್ಮಾರ. ಈ ರಸ್ತೆಗೆ ವಾರದಾಗ ಮೂರು ಸಲ ಹಿಂಗ ಹೋಗ್ತೇವಿ. ಖಾಯಂ ಗಿರಾಕಿ. ಸ್ವಲ್ಪ ನೋಡಿ ಹಚ್ಚರಿ."

"ಹಿಂಗ ಅಂದ್ರ? ಇಷ್ಟ ಸ್ಪೀಡಿನ್ಯಾಗ?"

"ಇದಕ್ಕೂ ಜಾಸ್ತಿ ರೀ!" ಅಂದೆ, ಎದೆ ಮುಂದೆ ಮಾಡಿ.

ಹವಾಲ್ದಾರ ನಗು ನಿಲ್ಲಿಸಿ ಗಾಡಿಯ ನಂಬರು ಒತ್ತಿದ. ದಡ್ಡಿಯ ದಂಡ ಮೇಲೆ ಬಂತು. ಕಟ್ಟಿಲ್ಲ ಅನ್ನುವುದೂ ಬಂತು. ಸಾಹೇಬರ ಮುಖ ಬದಲಾಯಿತು. "ಎರಡನೇ ಸಲ. ಮ್ಯಾಲ ನೀವ ಹೇಳಾಕತ್ತೀರಿ, ದಿನಾ ಹಿಂಗ ಅಂತ. ಹಂಗಾದ್ರ ದಂಡದಾಗ ಮುಗಿಯೂದಿಲ್ರಿ. ಲೈಸೆನ್ಸ್ ಜಪ್ತಿ. ಸಾರಿಗೆ ಕಚೇರಿಗೆ ಹೋಗತೈತಿ, ಏನು ಹೇಳೂದೈತಿ ಅಲ್ಲಿ ಹೇಳ್ರಿ."

ಕಸ್ತೂರಿ ನನ್ನ ಮುಖ ನೋಡಿದಳು. ಮೊದಲನೆಯ ದಂಡ ನನ್ನದು ಅಂತ ಅವಳಿಗೆ ಹೇಳಿ ಹತ್ತು ನಿಮಿಷವೂ ಆಗಿರಲಿಲ್ಲ. ನಾನು ಬಾಯಿ ತೆರೆದೆ. ಆಗ ನನ್ನ ಲೈಸೆನ್ಸ್ ನನ್ನ ಕಿಸೆಯಲ್ಲಿ ಬೆಚ್ಚಗೆ ಇರುವುದು ನೆನಪಾಯಿತು. ಬಾಯಿ ಮುಚ್ಚಿದೆ. ಹುಟ್ಟಿದಾಗಿನಿಂದ ಮಾತು ನುಂಗಿದವನಲ್ಲ ನಾನು. ನುಂಗಿದ್ದು ಅದೊಂದೇ ಸಲ, ಅದೂ ನುಂಗಬಾರದ ಜಾಗದಲ್ಲಿ.

ಅಲ್ಲಿಂದ ನಾನೇ ಗಾಡಿ ಹೊಡೆದು ಬೆಲ್ಲದ ಬಾಗೇವಾಡಿ ಮುಟ್ಟಿದರೆ ಟ್ರ್ಯಾಕ್ಟರಿನ ಧಣಿ ಕಟ್ಟೆಯ ಮೇಲೆ ಆರಾಮಾಗಿ ಕೂತಿದ್ದ. "ಯಾಕ ಇಷ್ಟ ಗಡಬಡಿ? ಗೋಕಾಕದವರು ಇವತ್ತ ಬರೂದಿಲ್ಲಂತ ಮುಂಜಾನೇನ ಫೋನ್ ಮಾಡ್ಯಾರಲ್ಲ. ಬೀಗರ ಮನ್ಯಾಗ ಲಗ್ನ ಅಂತ." ಕಸ್ತೂರಿ ಗಾಡಿಯಿಂದ ಇಳಿಯಲಿಲ್ಲ. ರೊಟ್ಟಿಗೆ ಕರೆದರೂ ಬರಲಿಲ್ಲ. ಧಣಿ ಹೇಳಿದ ರೇಟಿಗೆ ನಾನು ಹೂಂ ಅಂದುಬಿಟ್ಟೆ. ಆತ ಗಾಬರಿಯಾಗಿ, "ಯಜಮಾನ್ರ, ಆರಾಮ ಅದೀರಿಲ್ಲೋ? ನೀರ ತರಿಸ್ಲ್ಯಾ?" ಅಂದ.

ವಾಪಸು ಬರುವಾಗಲೂ ಕಸ್ತೂರಿಯ ಬದಲು ನಾನೇ ಗಾಡಿ ಹೊಡೆಯಬೇಕಾಯಿತು. ನಲವತ್ತೆಂಟರ ಮೇಲೆ ಹೋಗಲಿಲ್ಲ. ಗೋಕಾಕ ಬಂದಾಗ ಕಸ್ತೂರಿ ಕಿಟಕಿಯಾಚೆ ನೋಡುತ್ತಲೇ ಅಂದಳು:

"ಗಳಿಕಿ ನೋಡಿ ದಂಡ ಹಾಕ್ತಾರ ಅಂದ್ರ ನಕ್ಕಿರಿ. ಪಾಠ ಹೇಳ್ತಾರ ಅಂದ್ರ ನಕ್ಕಿರಿ. ತಪ್ಪು ಒಬ್ಬರದು, ದಂಡ ಇನ್ನೊಬ್ಬರಿಗೆ. ಇದು ಯಾವ ದೇಶದ ಕಾಯದೆ ರೀ ಕಾಕಾ?"

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಇದು ಪ್ರಶ್ನೆ; ಗಾಡಿಯನ್ನು ನಲವತ್ತಕ್ಕೆ ಇಳಿಸಿದೆ.

ಮನೆಗೆ ಬಂದು ಚಹಾದ ಬಟ್ಟಲು ಮುಂದಿಟ್ಟುಕೊಂಡು, ದಡ್ಡಿಯ ದಂಡವನ್ನು ಫೋನಿನಲ್ಲಿ ತೆಗೆದೆ. ಅಲ್ಲಿಯ ತನಕ ಅದರ ಫೋಟೋ ನೋಡಿಯೇ ಇರಲಿಲ್ಲ. ಕಟ್ಟುವ ವಿಚಾರವೇ ಇಲ್ಲದಾಗ ನೋಡುವುದೇಕೆ? ಗಂಗವ್ವ ಹೆಗಲ ಹಿಂದಿನಿಂದ ಬಗ್ಗಿ, "ಈ ಮೀಶಿ ಅಂತೂ ಕಸ್ತೂರೀದಲ್ಲ" ಅಂದಳು. ಗಾಜಿನ ಹಿಂದೆ ತಲೆಗೆ ಸುತ್ತಿದ ನನ್ನ ಬಿಳಿ ರುಮಾಲು, ನನ್ನ ಮೀಸೆ, ಕಿಟಕಿಯ ಹೊರಗೆ ನನ್ನ ಮೊಣಕೈ. ಐವತ್ತಕ್ಕೂ ಕಡಿಮೆ ಇರಬೇಕಾದಲ್ಲಿ ತೊಂಬತ್ತೊಂದು. ಬೆರಳಿನಿಂದ ದೊಡ್ಡದು ಮಾಡಿದೆ. ಪಕ್ಕದಲ್ಲಿ ಸಾಲಿಯ ಬಾಗಿಲು. ರಸ್ತೆಯ ಅಂಚಿಗೆ ಇಬ್ಬರು ಹುಡುಗಿಯರು ದಾಟಲು ನಿಂತಿದ್ದಾರೆ, ಒಬ್ಬಳ ಕೈ ಇನ್ನೊಬ್ಬಳ ಕೈಯಲ್ಲಿ. ಅವತ್ತು ನಾನು ಅವರನ್ನು ನೋಡಿರಲೇ ಇಲ್ಲ. ಚಹಾ ಆರಿತು.

ಮರುದಿನ ಕಸ್ತೂರಿಯನ್ನು ಕರೆದುಕೊಂಡು ಗೋಕಾಕದ ಸಾರಿಗೆ ಕಚೇರಿಗೆ ಬಸ್ಸಿನಲ್ಲಿ ಹೋದೆ. ಅಧಿಕಾರಿ ವಯಸ್ಸಾದವರು, ಕನ್ನಡಕ ಮೂಗಿನ ತುದಿಗೆ. ಫೋನು ಅವರ ಮುಂದಿಟ್ಟೆ.

"ಮೊದಲನೇದು ನಾ ಹೊಡೆದದ್ರಿ. ಈ ಹೆಣ್ಣುಮಗಳದ್ದು ನಿನ್ನಿದು ಒಂದ. ಅದೂ ನಾ ಒತ್ತು ಅಂದಿದ್ದಕ್ಕ ಒತ್ಯಾಳ. ದಿನಾ ಹಿಂಗ ಹೋಗ್ತೇವಿ ಅಂದಿದ್ದು ನನ್ನ ಬಾಯಿ, ಆಕಿ ಕಾಲಲ್ಲ."

ಅವರು ಫೋಟೋ ನೋಡಿದರು, ನನ್ನನ್ನು ನೋಡಿದರು, ಮತ್ತೆ ಫೋಟೋ ನೋಡಿದರು. "ರುಮಾಲು ತಗೀರಿ" ಅಂದರು. ತೆಗೆದೆ. "ಹಾಕ್ಕೊಳ್ರಿ" ಅಂದರು. ಹಾಕಿಕೊಂಡೆ. "ಹೌದು, ನೀವ."

ಕಾಗದ ಬರೆಸಿಕೊಂಡರು, ಸಹಿ ಮಾಡಿಸಿದರು. ಎರಡೂ ದಂಡ ಪೂರಾ ಕಟ್ಟಿದೆ. ನಾಲ್ಕು ದಿನ ಬಿಟ್ಟು ಮತ್ತೆ ಕರೆಸಿ ಕಸ್ತೂರಿಯ ಲೈಸೆನ್ಸ್ ಅವಳ ಕೈಗೆ ಕೊಟ್ಟರು. ಅವಳು ಅದನ್ನು ಸೆರಗಿನಿಂದ ಎರಡೂ ಕಡೆ ಒರೆಸಿದಳು, ಅದಕ್ಕೆ ಧೂಳೇನೂ ಹತ್ತಿರಲಿಲ್ಲ. ಆಮೇಲೆ ಅಧಿಕಾರಿ ನನ್ನ ಕಡೆ ಕೈ ಚಾಚಿದರು. "ಸಾಲಿ ಮುಂದ ತೊಂಬತ್ತೊಂದು. ನಿಮ್ಮದು ಮೂರು ತಿಂಗಳು."

ನಾಲಿಗೆ ಎಷ್ಟು ಹಳೆಯ ಪ್ರಾಣಿ ನೋಡ್ರಿ. "ಎರಡಕ್ಕ..." ಅನ್ನುವಷ್ಟರಲ್ಲಿ ಕಸ್ತೂರಿ, "ಕಾಕಾ!" ಅಂದಳು.

"ಮೂರ ಆಗಲಿ ರೀ" ಅಂದೆ.

ಹೊರಗೆ ಬಂದಾಗ ಅವಳು ನಕ್ಕಳು. ಐದು ದಿನದಲ್ಲಿ ಅದೇ ಮೊದಲು. "ಹೇಳಿದ ರೇಟು ಕೊಟ್ಟು ಬಂದಿರಿ. ಊರಾಗ ಹೇಳಿದ್ರ ಯಾರೂ ನಂಬೂದಿಲ್ಲ."

"ಹೇಳಬ್ಯಾಡವಾ, ಧಂದೆ ಕೆಡತೈತಿ."

ಅವಳು ಹೋಗಿ ಎರಡು ತಿಂಗಳಾಯಿತು. ಅಲ್ಲಿಯೂ ಪರೀಕ್ಷೆ ಬರೆದು, ಅಲ್ಲಿಯ ಲೈಸೆನ್ಸ್ ತೆಗೆದುಕೊಂಡು ಗಾಡಿ ಹಿಡಿದಿದ್ದಾಳೆ. ಮೊನ್ನೆ ಫೋನಿನಲ್ಲಿ ಅವಳ ದನಿ ಬಂತು: "ಕಾಕಾ, ಇಲ್ಲಿ ಸಡಿಲು ಐತಿ ಖರೆ, ಆದ್ರ ನಾ ಬೋರ್ಡಿನಷ್ಟ ಹೊಡೀತೇನಿ. ಹಿಂದ ಕುಂತಾಕಿ ಜಲ್ದಿ ಜಲ್ದಿ ಅಂತಾಳ. ಆಕಿ ಊರು ಯಾವುದು, ಮಕ್ಕಳು ಎಷ್ಟು ಅಂತ ಕೇಳಾಕ ಶುರು ಮಾಡ್ತೇನಿ. ಮಾತಿನ್ಯಾಗ ಊರು ಬಂದಬಿಡತೈತಿ." ಇತ್ತ ನಾನು ವ್ಯಾಪಾರಕ್ಕೆ ಹುಕ್ಕೇರಿಗೆ ಬಸ್ಸಿನಲ್ಲಿ ಹೋಗಿಬರುತ್ತೇನೆ. ಟಿಕೆಟಿನ ರೇಟು ಅಚ್ಚಾಗಿರುತ್ತದೆ. ಒಂದು ಸಲ ಕಡಿಮೆಗೆ ಕೇಳಿ ನೋಡಿದೆ, ಕಂಡಕ್ಟರು ಮುಂದಿನ ಸೀಟಿಗೆ ಹೋದ.

ಇನ್ನು ನಿಮಗೆ ನಾಲ್ಕು ಮಾತು, ಪುಕಟ್ಟೆ. ಹಳೆಯ ಗಾಡಿ ಕೊಳ್ಳುವಾಗ ಇಂಜಿನ್ನು ನೋಡುವ ಮೊದಲು ಅದರ ನಂಬರಿನ ಮೇಲೆ ದಂಡ ಬಾಕಿ ಇದೆಯೇ ನೋಡಿ. ಇದ್ದರೆ ರೇಟಿನಲ್ಲಿ ಮುರಿಸಿ. ನಿಮ್ಮ ಗಾಡಿಯನ್ನು ಇನ್ನೊಬ್ಬರೂ ಹೊಡೆಯುತ್ತಿದ್ದರೆ ಯಾವ ದಿನ ಯಾರ ಕೈಯಲ್ಲಿತ್ತು ಅಂತ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ದಂಡ ಬಿದ್ದರೆ ಫೋಟೋ ತೆಗೆದು ನೋಡಿ, ನಿಮ್ಮ ಮುಖಕ್ಕಿಂತ ಹೆಚ್ಚಾಗಿ ರಸ್ತೆಯ ಅಂಚು ನೋಡಿ. ಪರದೇಶಕ್ಕೆ ಹೋದರೆ ಅಲ್ಲಿಯವರು ಎಷ್ಟು ಬಿಡುತ್ತಾರೆ ಅಂತ ಕೇಳಬೇಡಿ, ಬೋರ್ಡಿನಲ್ಲಿ ಎಷ್ಟಿದೆ ಅಷ್ಟನ್ನೇ ಓದಿ.

ಕಡೆಯದು, ಬಾಜೂ ಸೀಟಿನಲ್ಲಿ ಕೂರುವವರಿಗೆ. ಗಾಡಿ ಹೊಡೆಯುವವರ ಅನ್ನ ಅವರ ಲೈಸೆನ್ಸಿನಲ್ಲಿರುತ್ತದೆ, ನಿಮ್ಮ ಅವಸರದಲ್ಲಲ್ಲ. ಬಾಯಿ ಸುಮ್ಮನಿರದ ನನ್ನಂಥವರು ಗೋಕಾಕದಲ್ಲಿ ಗಾಡಿ ನಿಲ್ಲಿಸಿ ಅರ್ಧ ಕಿಲೋ ಕರದಂಟು ಕಟ್ಟಿಸಿಕೊಳ್ಳಿ. ಅಂಟಿನ ಪದಾರ್ಥ; ಒಂದು ತುಂಡು ಹಲ್ಲಿಗೆ ಹತ್ತಿತೆಂದರೆ ಹತ್ತು ಕಿಲೋಮೀಟರು ಮಾತು ಹೊರಡುವುದಿಲ್ಲ. ಎರಡು ತುಂಡು ಒಟ್ಟಿಗೆ ಹಾಕಿಕೊಂಡರೆ ಹುಕ್ಕೇರಿ ತನಕ ಡ್ರೈವರಿಗೆ ಸುಖ.